ಎದ್ದ ಕೂಡಲೇ ಎದೆ ಡವಡವ: ಇದು ದೋಷವೇ? ಬೆಳಗಿನ ಯಾವ ಆಚಾರ ನೆರವಾಗುತ್ತೆ?

ಈ ಸಲ ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಬಂದ ಮೂರು ಪತ್ರಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ. ಬರೆದವರು ಬೇರೆ ಬೇರೆ, ಸಂಕಟ ಮಾತ್ರ ಒಂದೇ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಕಾರಣವಿಲ್ಲದ ಭಯ. ಮೂವರೂ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಊರಿನ ಹೆಸರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ 1: ನಾನು ಮಂಡ್ಯದ ಗೃಹಿಣಿ, ವಯಸ್ಸು 43. ಮೂರು ತಿಂಗಳಿಂದ ಬೆಳಗಿನ ಜಾವ ನಾಲ್ಕು, ನಾಲ್ಕೂವರೆಗೇ ಎಚ್ಚರ ಆಗುತ್ತೆ. ಕಣ್ಣು ಬಿಟ್ಟ ತಕ್ಷಣ ಎದೆ ಡವಡವ, ಹೊಟ್ಟೆಯಲ್ಲಿ ತಳಮಳ, ಏನೋ ಕೆಟ್ಟದ್ದಾಗುತ್ತೆ ಅನ್ನೋ ಭಯ. ಒಂಬತ್ತು ಗಂಟೆ ಹೊತ್ತಿಗೆ ತಾನಾಗೇ ಇಳಿಯುತ್ತೆ. 'ನೀನು ಮೊದಲಿನ ಹಂಗೆ ಎದ್ದು ಬಾಗಿಲಿಗೆ ನೀರು ಹಾಕಿ ದೀಪ ಹಚ್ತಿಲ್ಲ, ಅದಕ್ಕೇ ಹಿಂಗಾಗ್ತಿದೆ' ಅಂತಾರೆ ನಮ್ಮತ್ತೆ. ಗೊತ್ತಿದ್ದವರೊಬ್ಬರು ಜಾತಕ ನೋಡಿ, ದೊಡ್ಡ ಶಾಂತಿ ಮಾಡಿಸಬೇಕು, ನಲವತ್ತು ಸಾವಿರ ಆಗುತ್ತೆ ಅಂದರು. ಬಳೆ ಅಡ ಇಡಬೇಕಾಗುತ್ತೆ. ಬ್ರಾಹ್ಮೀ ಮುಹೂರ್ತದಲ್ಲಿ ಎಚ್ಚರವಾಗೋದು ಒಳ್ಳೇದು ಅಂತಾರಲ್ಲ, ನನಗ್ಯಾಕೆ ಹೀಗೆ?

ಉತ್ತರ: ಮೊದಲು ಬಳೆಯ ವಿಷಯ. ತಾಯಿ, ಬಳೆ ಅಡ ಇಡಬೇಡಿ. ಸಾಲ ಮಾಡಿ ಶಾಂತಿ ಮಾಡಿಸಿದರೆ ಹೋಮದ ಮಾರನೇ ದಿನ ಎದ್ದಾಗ ಹಳೇ ಭಯದ ಜೊತೆಗೆ ಬಡ್ಡಿಯ ಭಯವೂ ಸೇರಿಕೊಳ್ಳುತ್ತೆ.

ಆಚಾರ ತಪ್ಪಿದ್ದಕ್ಕೆ ದೇವರು ಎದೆಬಡಿತದ ಶಿಕ್ಷೆ ಕೊಟ್ಟ ಅನ್ನುವ ಮಾತಿಗೆ ಆಧಾರ ಇಲ್ಲ. ತಪ್ಪಿದ ಕರ್ಮವನ್ನು ಶಾಸ್ತ್ರ ಹೇಗೆ ನೋಡುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಂಧ್ಯಾವಂದನೆ ನಿತ್ಯಕರ್ಮ, ಬಿಡಲೇಬಾರದ್ದು. ಅಂಥದ್ದಕ್ಕೂ ಹೊತ್ತು ಮೀರಿದರೆ ಹೇಳಿರುವ ಪ್ರಾಯಶ್ಚಿತ್ತ ಏನು? ಒಂದು ಅರ್ಘ್ಯ ಹೆಚ್ಚಿಗೆ ಕೊಡೋದು. ಬೊಗಸೆ ನೀರು, ಅಷ್ಟೇ. ನಿತ್ಯಕರ್ಮಕ್ಕೇ ಇಷ್ಟು ಹಗುರಾದ ದಾರಿ ಇಟ್ಟಿರುವಾಗ, ಬಾಗಿಲಿಗೆ ನೀರು ಹಾಕದ ಗೃಹಿಣಿಗೆ ಮೂರು ತಿಂಗಳ ನಡುಕ ವಿಧಿಸುತ್ತಾರೆಯೇ? ಇನ್ನೂ ಒಂದು ಮಾತು. ಭಗವದ್ಗೀತೆಯ ಹದಿನಾರನೇ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಇದೆ. ಅದರಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಅಭಯ. ದಾನ, ಯಜ್ಞ, ತಪಸ್ಸು ಎಲ್ಲವೂ ಅದರ ನಂತರ. ಹೆದರಿಸಿ ಮಾಡಿಸುವ ಪೂಜೆ ಈ ಪಟ್ಟಿಯ ಮೊದಲನೇ ಮೆಟ್ಟಿಲನ್ನೇ ಬಿಟ್ಟು ಹತ್ತಲು ಹೊರಟ ಹಾಗೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ನಿಮ್ಮ ಪತ್ರದಲ್ಲೇ ಅದರ ಸುಳಿವಿದೆ. ಒಂಬತ್ತು ಗಂಟೆ ಹೊತ್ತಿಗೆ ತಾನಾಗೇ ಇಳಿಯುತ್ತೆ ಅಂದಿದ್ದೀರಿ. ಗ್ರಹದೋಷಕ್ಕೆ ಗಡಿಯಾರ ಗೊತ್ತಿರೋದಿಲ್ಲ, ದೇಹಕ್ಕೆ ಗೊತ್ತಿರುತ್ತೆ. ಮಲಗಿರುವ ದೇಹವನ್ನು ಎಬ್ಬಿಸಿ ನಿಲ್ಲಿಸೋದಕ್ಕೆ ಬೆಳಗಿನ ಜಾವದಿಂದಲೇ ಕಾರ್ಟಿಸಾಲ್ ಎಂಬ ಹಾರ್ಮೋನ್ ರಕ್ತದಲ್ಲಿ ಏರುತ್ತಾ ಬರುತ್ತೆ. ಎಚ್ಚರವಾದ ಮೇಲೆ ಮೊದಲ ಅರ್ಧ, ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಸಲ ಜೋರಾಗಿ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಇದು ಎಲ್ಲರಲ್ಲೂ ಆಗುವಂಥದ್ದು. ಮನಸ್ಸಿನ ಮೇಲೆ ಭಾರ ಇರುವವರಿಗೆ, ನಿದ್ದೆ ಕೆಟ್ಟವರಿಗೆ ಈ ಏರಿಕೆಯೇ ಎದೆಬಡಿತವಾಗಿ, ಹೊಟ್ಟೆಯ ತಳಮಳವಾಗಿ ಗೊತ್ತಾಗುತ್ತೆ. ಖಾಲಿ ಹೊಟ್ಟೆ ಅದನ್ನು ಇನ್ನಷ್ಟು ಹೆಚ್ಚಿಸುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಷ್ಟೋ ಸಲ ದೇಹದ ಈ ಕಳವಳ ಮೊದಲು ಬರುತ್ತೆ, ಕಾರಣ ಆಮೇಲೆ ಹುಟ್ಟಿಕೊಳ್ಳುತ್ತೆ. ಎದೆ ಹೊಡೆದುಕೊಳ್ಳುತ್ತಿದೆ ಅಂದ ಮೇಲೆ ಮನಸ್ಸು ಸುಮ್ಮನಿರೋದಿಲ್ಲ, ಕಾರಣ ಹುಡುಕಿಕೊಂಡು ಹೊರಡುತ್ತೆ. ಮಗನ ಫೀಸು, ಯಜಮಾನರ ಸಕ್ಕರೆ ಕಾಯಿಲೆ, ಬಾರದ ಕಬ್ಬಿನ ದುಡ್ಡು, ಕೊನೆಗೆ ಹಚ್ಚದ ದೀಪ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನೇ ಹಾವು ಅಂತ ಹಿಡಿದುಕೊಳ್ಳುತ್ತೆ. ಆದ್ದರಿಂದ ಆ ಹೊತ್ತಿನಲ್ಲಿ ಮನಸ್ಸಿನ ಜೊತೆ ವಾದಕ್ಕೆ ಕೂರಬಾರದು. ಮೊದಲ ಅರ್ಧ ಗಂಟೆಯನ್ನು ಮನಸ್ಸಿನ ಕೈಯಿಂದ ತೆಗೆದುಕೊಂಡು ದೇಹದ ಕೈಗೆ ಕೊಡಬೇಕು. ನಮ್ಮ ಹಿರಿಯರು ಇಟ್ಟ ಪ್ರಾತಃಕಾಲದ ಆಚಾರದ ಕ್ರಮದಲ್ಲಿ ಈ ಕೆಲಸ ನಡೆದುಹೋಗುತ್ತೆ.

ಬ್ರಾಹ್ಮೀ ಮುಹೂರ್ತದ ಬಗ್ಗೆ ಕೇಳಿದ್ದೀರಿ. ರಾತ್ರಿಯಲ್ಲಿ ಹದಿನೈದು ಮುಹೂರ್ತ. ಒಂದು ಮುಹೂರ್ತ ಅಂದರೆ ಸುಮಾರು 48 ನಿಮಿಷ. ಅದರಲ್ಲಿ ಹದಿನಾಲ್ಕನೆಯದು ಬ್ರಾಹ್ಮೀ. ಸೂರ್ಯೋದಯ ಆರಕ್ಕೆ ಇದ್ದರೆ 4:24ರಿಂದ 5:12ರ ತನಕ. ಜನವರಿ ಕೊನೆಗೆ ನಮ್ಮ ಕಡೆ ಸೂರ್ಯ ಹುಟ್ಟೋದೇ ಸುಮಾರು ಆರೂ ಮುಕ್ಕಾಲಿಗೆ. ಆಗ ಬ್ರಾಹ್ಮೀ ಮುಹೂರ್ತವೂ ಮುಂದಕ್ಕೆ ಹೋಗಿ ಐದು ಗಂಟೆಯ ನಂತರ ಶುರುವಾಗುತ್ತೆ. ನಾಲ್ಕು ಗಂಟೆಗೇ ಏಳಬೇಕು ಅಂತ ಅಲಾರಂ ಇಟ್ಟುಕೊಂಡು ಒದ್ದಾಡುವವರು ಈ ಲೆಕ್ಕ ನೋಡಲಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯ ಅಧ್ಯಾಯ ಶುರುವಾಗೋದೇ ಬ್ರಾಹ್ಮೀ ಮುಹೂರ್ತದಲ್ಲಿ ಏಳುವ ಮಾತಿನಿಂದ. ಆದರೆ ಅಲ್ಲಿ ಏಳಬೇಕು ಅಂತ ಹೇಳಿರೋದು ಸ್ವಸ್ಥನಿಗೆ, ಅಂದರೆ ಆರೋಗ್ಯವಾಗಿ ಇರುವವನಿಗೆ. ರಾತ್ರಿ ನಿದ್ದೆ ಇಲ್ಲದವರು, ಕಾಯಿಲೆಯವರು, ಬಾಣಂತಿ, ಕೂಸನ್ನು ನೋಡಿಕೊಳ್ಳುವವರು ಇವರಿಗೆ ಆ ವಿಧಿ ಇಲ್ಲ. ನೀವು ಆರು ಗಂಟೆವರೆಗೆ ಮಲಗಿದರೆ ಪಾಪ ಬರೋದಿಲ್ಲ. ಏಳುವ ಹೊತ್ತು ದಿನಾ ಒಂದೇ ಇರಲಿ, ಅದು ಮುಖ್ಯ.

ಈಗ ಕ್ರಮ ಹೇಳುತ್ತೇನೆ. ಎಲ್ಲಾ ಸೇರಿ ಅರ್ಧ ಗಂಟೆ. ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ. ಮೊದಲ ವಾರ ಮೊದಲ ಮೂರು ಸಾಕು.

1. ಹಾಸಿಗೆಯಲ್ಲೇ, ಎರಡು ನಿಮಿಷ. ಎಚ್ಚರವಾದ ಕೂಡಲೇ ದಡಕ್ಕನೆ ಏಳಬೇಡಿ, ಗಡಿಯಾರ ನೋಡಬೇಡಿ. ಬಲ ಮಗ್ಗುಲಿಗೆ ಹೊರಳಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿನಲ್ಲಿ ಒಂದೊಂದಕ್ಕೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಕೇಶವ, ನಾರಾಯಣ, ಮಾಧವ ಅಂತ ದಾಮೋದರನವರೆಗೆ ದ್ವಾದಶ ನಾಮವೂ ಹನ್ನೆರಡು. ಒಂದು ಗೆಣ್ಣಿಗೆ ಒಂದು ನಾಮ, ಒಂದು ನಾಮಕ್ಕೆ ಒಂದು ಉಸಿರು. ಉಸಿರು ತೆಗೆದುಕೊಳ್ಳುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಬಿಡುವಾಗ ಆರು. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತೆ. ದ್ವಾದಶ ನಾಮ ಬಾಯಿಗೆ ಬಾರದವರು ಮನೆದೇವರ ಹೆಸರನ್ನೇ ಹನ್ನೆರಡು ಸಲ ಹೇಳಿ. ಚುಂಚನಗಿರಿ ಭೈರವ ಇರಲಿ, ಮುತ್ತತ್ತಿರಾಯ ಇರಲಿ, ಮಾದಪ್ಪ ಇರಲಿ, ಹೆಸರು ಯಾವುದಾದರೂ ಉಸಿರು ನಿಮ್ಮದೇ.

ಒಂದು ಎಚ್ಚರಿಕೆ. ಪ್ರಾಣಾಯಾಮದ ಗ್ರಂಥಗಳಲ್ಲಿ ಪೂರಕ, ಕುಂಭಕ, ರೇಚಕಕ್ಕೆ ಒಂದು, ನಾಲ್ಕು, ಎರಡರ ಲೆಕ್ಕ ಬರುತ್ತೆ. ಅದು ಗುರುಮುಖದಿಂದ ಕಲಿತವರಿಗೆ. ಎದೆ ಹೊಡೆದುಕೊಳ್ಳುವಾಗ ಉಸಿರು ಕಟ್ಟಿ ಹಿಡಿದರೆ ಗಾಬರಿ ಹೆಚ್ಚಾಗುತ್ತೆ. ಬಿಪಿ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಕುಂಭಕಕ್ಕೆ ಹೋಗಲೇಬಾರದು.

2. ಕರದರ್ಶನ. ಎದ್ದು ಕೂತು ಎರಡೂ ಅಂಗೈ ಉಜ್ಜಿ, ಬೆಚ್ಚಗಾದ ಮೇಲೆ ಕಣ್ಣಿನ ಮೇಲೆ ಇಟ್ಟು ನೋಡಿ. ಬೆರಳ ತುದಿಯಲ್ಲಿ ಲಕ್ಷ್ಮಿ, ನಡುವೆ ಸರಸ್ವತಿ, ಬುಡದಲ್ಲಿ ಗೋವಿಂದ ಅಂತ ಸಂಪ್ರದಾಯ. ಕೆಲವರು ಬುಡದಲ್ಲಿ ಗೌರಿ ಎನ್ನುತ್ತಾರೆ. ಯಾವ ಪಾಠವಾದರೂ ಸರಿ. ದಿನದ ಮೊದಲ ನೋಟ ಬೀಳಬೇಕಾದ್ದು ಕೆಲಸ ಮಾಡುವ ಈ ಕೈಗಳ ಮೇಲೆ. ಮೊಬೈಲು ಅದೇ ಅಂಗೈಯಲ್ಲಿ ಕೂತುಬಿಟ್ಟರೆ ಲಕ್ಷ್ಮಿಗೂ ಜಾಗ ಇಲ್ಲ, ಸರಸ್ವತಿಗೂ ಜಾಗ ಇಲ್ಲ.

3. ಭೂಮಿಗೆ ನಮಸ್ಕಾರ. ಕಾಲು ಇಡುವ ಮುಂಚೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು. ತುಳಿಯುತ್ತೇನೆ, ಕ್ಷಮಿಸು ತಾಯಿ ಅನ್ನುವ ಭಾವ. ಆಮೇಲೆ ಎರಡೂ ಪಾದ ಊರಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿ. ನೆಲ ತಣ್ಣಗಿದೆಯೇ, ಒರಟಾಗಿದೆಯೇ, ಗಮನಿಸಿ. ತೇಲುತ್ತಿದ್ದ ಮನಸ್ಸು ಪಾದಕ್ಕೆ ಇಳಿಯುತ್ತೆ. ಸಂಸ್ಕೃತದ ಶ್ಲೋಕ ಬಾರದಿದ್ದರೂ ಚಿಂತೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ರಾಗಿ ಬೀಸುತ್ತಾ ಹಾಡಿದ ಹೆಣ್ಣುಮಕ್ಕಳು ಬೆಳಗಿನ ಮೊದಲ ನೆನಪನ್ನು ಭೂತಾಯಿಗೇ ಕೊಟ್ಟಿದ್ದಾರೆ. ಅವರಿಗೆ ಚಿಂತೆ ಇರಲಿಲ್ಲ ಅಂತ ತಿಳಿಯಬೇಡಿ. ಬೇಕಾದಷ್ಟಿತ್ತು. ಆದರೆ ಎದ್ದ ಕೂಡಲೇ ಕೈಗೆ ರಾಗಿಕಲ್ಲಿನ ಗೂಟ, ಬಾಯಿಗೆ ಹಾಡು. ದೇಹದಲ್ಲಿ ಏರಿದ ಶಕ್ತಿ ಕಲ್ಲು ತಿರುಗಿಸೋದಕ್ಕೆ ಖರ್ಚಾಗುತ್ತಿತ್ತು. ನಮಗೆ ಅದು ಖರ್ಚಾಗುವ ದಾರಿ ಇಲ್ಲದೆ ಎದೆಯಲ್ಲೇ ನಿಂತುಬಿಡುತ್ತೆ.

4. ನೀರು. ಬಾಯಿ ಮುಕ್ಕಳಿಸಿ, ಮುಖ, ಕೈಕಾಲು ತೊಳೆದು, ಮೂರು ಸಲ ಆಚಮನ. ಅದಾದ ಮೇಲೆ ಒಂದು ಲೋಟ ನೀರು, ಬೆಚ್ಚಗಿದ್ದರೆ ಒಳ್ಳೇದು. ಸ್ನಾನ ಆಮೇಲೆ ಮಾಡಿದರೂ ಸರಿ.

5. ಬಾಗಿಲು ಮತ್ತು ರಂಗೋಲಿ. ನಿಮ್ಮತ್ತೆ ಹೇಳಿದ ಕಾರಣ ಸರಿಯಲ್ಲ, ಆದರೆ ಅವರು ಹೇಳಿದ ಕೆಲಸ ಒಳ್ಳೆಯದು. ಬಾಗಿಲು ತೆರೆದು ನೀರು ಚಿಮುಕಿಸಿ ಐದು ಸಾಲು, ಐದೈದು ಚುಕ್ಕಿ ಇಡಿ. ಸೇರಿಸುವ ಗೆರೆ ತಪ್ಪದಂತೆ ನೋಡಬೇಕಾದ್ದರಿಂದ ಮನಸ್ಸಿಗೆ ಬೇರೆ ಕಡೆ ಓಡಲು ಪುರುಸೊತ್ತಿರೋದಿಲ್ಲ. ಬಗ್ಗಿ ಏಳುವುದರಿಂದ ಮೈ ಬಿಸಿಯಾಗುತ್ತೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಹೊಸ್ತಿಲ ಮುಂದಿನ ಒಂದು ಅಡಿ ಸಾಕು. ಅಕ್ಕಿಹಿಟ್ಟಿನಲ್ಲಿ ಬಿಟ್ಟರೆ ಇರುವೆಗೂ ಒಂದು ತುತ್ತು. ಪಂಚಮಹಾಯಜ್ಞದಲ್ಲಿ ಭೂತಯಜ್ಞ ಅನ್ನೋದು ಇಂಥದ್ದೇ.

6. ದೀಪ. ಎಳ್ಳೆಣ್ಣೆಯೋ ತುಪ್ಪವೋ ಮನೆಯಲ್ಲಿ ಇದ್ದದ್ದು, ಎರಡು ಬತ್ತಿ. ಹಚ್ಚಿ, ಜ್ವಾಲೆ ನಿಲ್ಲುವ ತನಕ ಎದುರಿಗೆ ಕೂತಿರಿ. ಏನೂ ಬೇಡಬೇಡಿ. ಬೇಡಲು ಶುರು ಮಾಡಿದರೆ ಚಿಂತೆಯ ಪಟ್ಟಿ ಮತ್ತೆ ಬಿಚ್ಚಿಕೊಳ್ಳುತ್ತೆ. ಬೇಡಿಕೆಯನ್ನು ಸಂಜೆಯ ದೀಪಕ್ಕೆ ಇಟ್ಟುಕೊಳ್ಳಿ.

7. ಸೂರ್ಯ. ಬೆಳಕಾದ ಮೇಲೆ ತಾರಸಿಗೋ ಅಂಗಳಕ್ಕೋ ಹೋಗಿ ಅರ್ಘ್ಯ ಕೊಟ್ಟು ಹತ್ತು ನಿಮಿಷ ಅಲ್ಲೇ ಇರಿ. ತುಳಸಿ ಇದ್ದರೆ ಪ್ರದಕ್ಷಿಣೆ ಮಾಡಿ. ಮೋಡ ಇದ್ದರೂ ಪರವಾಗಿಲ್ಲ, ಮನೆಯೊಳಗಿನ ದೀಪಕ್ಕಿಂತ ಹೊರಗಿನ ಬೆಳಕು ಎಷ್ಟೋ ಪಾಲು ಹೆಚ್ಚು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಹೋಗುತ್ತೆ. ಅದರ ಫಲ ಅವತ್ತು ರಾತ್ರಿಯ ನಿದ್ದೆಯಲ್ಲಿ ಗೊತ್ತಾಗುತ್ತೆ. ಸೂರ್ಯನನ್ನೇ ದಿಟ್ಟಿಸಿ ನೋಡೋದು ಮಾತ್ರ ಬೇಡ.

ಒಂದು ದಿನ ಇದೆಲ್ಲ ತಪ್ಪಿಹೋದರೆ? ಮಾರನೇ ದಿನ ಮಾಡಿ. ಅಷ್ಟೇ. ಲೆಕ್ಕ ತೀರಿಸಬೇಕು ಅಂತ ಎರಡು ಪಟ್ಟು ಮಾಡಬೇಡಿ. ನಿಮ್ಮತ್ತೆಯವರನ್ನು ಜೊತೆಗೆ ಕರೆದುಕೊಳ್ಳಿ. 'ಚುಕ್ಕಿ ನಾನಿಡ್ತೀನಿ, ಗೆರೆ ನೀವೆಳೀರಿ ಅತ್ತೆ' ಅನ್ನಿ. ದೂರಿದವರ ಕೈಗೆ ಕೆಲಸ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಪ್ರಶ್ನೆ 2: ಮದ್ದೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಐದು ಗಂಟೆ ಅಲಾರಂ. ಅದು ಹೊಡೆಯೋಕೆ ಮುಂಚೆಯೇ ರೈಲು ತಪ್ಪಿತು ಅನ್ನೋ ಹಾಗೆ ಬೆಚ್ಚಿ ಏಳುತ್ತೇನೆ. ಉಪನಯನ ಆಗಿದೆ, ಆದರೆ ಸಂಧ್ಯಾವಂದನೆಗೆ ಹೊತ್ತಿಲ್ಲ. ಬಿಟ್ಟೆನಲ್ಲ ಅನ್ನೋ ಕೊರಗು ದಿನವೆಲ್ಲ ಇರುತ್ತೆ. ಸ್ನಾನಕ್ಕೆ ಮುಂಚೆ ಕಾಫಿ ಕುಡಿಯಬಹುದೇ? ರೈಲಿನಲ್ಲಿ ಜಪ ಮಾಡಿದರೆ ನಡೆಯುತ್ತದೆಯೇ?

ಉತ್ತರ: ಒಂದೊಂದಾಗಿ ನೋಡೋಣ ಸ್ವಾಮಿ.

ಸಂಧ್ಯಾವಂದನೆಗೆ ನಕ್ಷತ್ರ ಕಾಣುವ ಹೊತ್ತು ಉತ್ತಮ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಹುಟ್ಟಿದ ಮೇಲೆ ಅಧಮ. ನೀವು ಐದಕ್ಕೆ ಏಳುವವರು. ಲೆಕ್ಕ ಹಾಕಿದರೆ ಉತ್ತಮ ಕಾಲ ನಿಮ್ಮ ಕೈಯಲ್ಲೇ ಇದೆ! ಇಲ್ಲದಿರೋದು ವಿಸ್ತಾರವಾಗಿ ಮಾಡುವ ಹೊತ್ತು. ಆಚಮನ, ಪ್ರಾಣಾಯಾಮ, ಸಂಕಲ್ಪ, ಮಾರ್ಜನ, ಅರ್ಘ್ಯ, ಹತ್ತು ಗಾಯತ್ರಿ, ಉಪಸ್ಥಾನ. ಹತ್ತು ನಿಮಿಷದಲ್ಲಿ ಆಗುತ್ತೆ. ಆಪತ್ತಿನಲ್ಲಿ, ಅಶಕ್ತಿಯಲ್ಲಿ ಹತ್ತು ಗಾಯತ್ರಿಗೆ ಇಳಿಸಲು ಅವಕಾಶ ಇದೆ. ರಜೆಯ ದಿನ ನೂರೆಂಟು ಮಾಡಿ. ನಿಮ್ಮ ಶಾಖೆಯ ಕ್ರಮವನ್ನು ಮನೆಯ ಪುರೋಹಿತರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಇನ್ನು ಆ ಕೊರಗು. ಬಿಟ್ಟ ಕರ್ಮಕ್ಕಿಂತ ಅದೇ ನಿಮ್ಮನ್ನು ಹೆಚ್ಚು ತಿನ್ನುತ್ತಿದೆ. ಕಾಲ ಮೀರಿದ್ದಕ್ಕೆ ಮೊದಲ ಉತ್ತರದಲ್ಲಿ ಹೇಳಿದ ಪ್ರಾಯಶ್ಚಿತ್ತಾರ್ಘ್ಯ ಕೊಟ್ಟ ಮೇಲೆ ಆ ಲೆಕ್ಕ ಮುಗಿಯಿತು. ಅದನ್ನು ಆಫೀಸಿನವರೆಗೆ ಹೊತ್ತುಕೊಂಡು ಹೋಗೋದು ಶಾಸ್ತ್ರಕ್ಕೂ ಬೇಕಾಗಿಲ್ಲ.

ರೈಲಿನಲ್ಲಿ ನಾಮಜಪ, ಮಾನಸಪೂಜೆ ಧಾರಾಳವಾಗಿ ಮಾಡಬಹುದು. ಶಂಕರಾಚಾರ್ಯರ ಹೆಸರಿನಲ್ಲಿ ಬಂದಿರುವ ಶಿವಮಾನಸಪೂಜಾ ಸ್ತೋತ್ರದಲ್ಲಿ ಆಸನದಿಂದ ನೈವೇದ್ಯದವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಅರ್ಪಿಸುವ ಕ್ರಮ ಇದೆ. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಕಣ್ಣು ಮುಚ್ಚಿ ದೇವರಿಗೆ ಪೀಠ ಹಾಕಿ, ಪಾದ ತೊಳೆದು, ಹೂವಿಟ್ಟು, ದೀಪ ತೋರಿಸಿ. ರಾಮನಗರ ಬರುವ ಹೊತ್ತಿಗೆ ಮಂಗಳಾರತಿ ಆಗಿರುತ್ತೆ. ನಿಂತುಕೊಂಡೇ ಹೋಗಬೇಕಾದ ದಿನ ಬೆರಳ ಗೆಣ್ಣಿನ ಎಣಿಕೆ ಸಾಕು.

ಕಾಫಿ. ಸ್ನಾನ, ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕೋದಿಲ್ಲ ಅನ್ನುವ ಮನೆಗಳಿವೆ, ಕಾಫಿ ಇಲ್ಲದೆ ಸ್ನಾನದ ಮನೆಗೇ ಹೋಗದ ಮನೆಗಳೂ ಇವೆ. ನಿಮ್ಮ ಮನೆತನದ ರೂಢಿ ನೋಡಿಕೊಳ್ಳಿ. ಆದರೆ ಎದೆ ಹೊಡೆದುಕೊಳ್ಳುವವರಿಗೆ ನಾನು ಹೇಳೋದು ಬೇರೆ ಕಾರಣಕ್ಕೆ. ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಬಿದ್ದರೆ ಬಡಿತ ಇನ್ನೂ ಏರುತ್ತೆ. ಮೊದಲು ನೀರು, ಆಮೇಲೆ ಒಂದು ಬಾಳೆಹಣ್ಣೋ ಒಂದು ಲೋಟ ರಾಗಿ ಗಂಜಿಯೋ. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ಅರ್ಧ ಲೋಟ ಕಾಫಿ. ಸಂಜೆ ವಾಪಸ್ ಬರುವಾಗ ರೈಲಿನಲ್ಲಿ ಕುಡಿಯುವ ಕಾಫಿ ಬಿಡಿ. ಕಾಫಿಯ ಸತ್ವ ಅರ್ಧಕ್ಕೆ ಇಳಿಯೋದಕ್ಕೇ ಸುಮಾರು ಐದು ಗಂಟೆ ಬೇಕು. ಏಳಕ್ಕೆ ಕುಡಿದದ್ದು ಮಧ್ಯರಾತ್ರಿಗೂ ಅರ್ಧ ಉಳಿದಿರುತ್ತೆ. ಮದ್ದೂರು ವಡೆಗೆ ನನ್ನ ತಕರಾರಿಲ್ಲ. ಅದನ್ನು ಬೆಳಗ್ಗೆ ಐದೂವರೆಗೆ ತಿನ್ನಬೇಡಿ ಅಷ್ಟೇ.

ಇನ್ನು ಬೆಚ್ಚಿ ಏಳೋದು. ಇದಕ್ಕೆ ಮದ್ದು ಹಿಂದಿನ ರಾತ್ರಿಯಲ್ಲಿದೆ. ಬಟ್ಟೆ, ಪಾಸು, ಡಬ್ಬಿ, ಬೈಕಿನ ಕೀ ಎಲ್ಲಾ ಒಂದೇ ಕಡೆ ಇಟ್ಟು ಮಲಗಿ. ಮೊಬೈಲನ್ನು ಹಾಲಿನಲ್ಲಿ ಬಿಟ್ಟು ಅಲಾರಂಗೆ ಒಂದು ಗಡಿಯಾರ ತನ್ನಿ. ಅಲಾರಂ ಹತ್ತು ನಿಮಿಷ ಮುಂಚೆ ಇಟ್ಟು, ರಾತ್ರಿ ಅಷ್ಟೇ ಹೊತ್ತು ಮುಂಚೆ ಮಲಗಿ. ಶನಿವಾರ ರಜೆ ಇದ್ದರೆ ಶಿಂಷಾ ದಡದ ಹೊಳೆ ಆಂಜನೇಯನ ಗುಡಿಗೆ ನಡೆದುಕೊಂಡೇ ಹೋಗಿ ಬನ್ನಿ. ಹನುಮಂತನನ್ನು ನೆನೆದರೆ ಬರುವ ಫಲಗಳಲ್ಲಿ ಬುದ್ಧಿ, ಬಲದ ಜೊತೆಗೆ ಧೈರ್ಯ, ನಿರ್ಭಯತೆ, ಆರೋಗ್ಯವನ್ನೂ ಹಿರಿಯರು ಹೇಳಿದ್ದಾರೆ. ಹರಕೆ ಹೊತ್ತುಕೊಂಡು ಹೋಗಬೇಡಿ, ಸುಮ್ಮನೆ ನೋಡಿ ಬರಲು ಹೋಗಿ.

ಪ್ರಶ್ನೆ 3: ನನಗೆ 62 ವರ್ಷ, ಮಳವಳ್ಳಿ. ನಮ್ಮ ಯಜಮಾನರು ಹೋಗಿ ಎಂಟು ತಿಂಗಳಾಯಿತು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮನೆಯೆಲ್ಲ ಬಿಕೋ ಅಂದು ಕೈಕಾಲು ನಡುಗುತ್ತೆ. ವರ್ಷ ತುಂಬುವ ತನಕ ದೀಪ ಹಚ್ಚಬಾರದು, ನೀನು ರಂಗೋಲಿ ಹಾಕಬಾರದು ಅಂತ ನೆಂಟರು ಹೇಳಿದ್ದಾರೆ. ಡಾಕ್ಟರು ಒಂದು ಮಾತ್ರೆ ಕೊಟ್ಟಿದ್ದಾರೆ, ಸ್ವಲ್ಪ ವಾಸಿ ಅನ್ನಿಸಿದೆ. ಏಕಾದಶಿ ದಿನ ಮಾತ್ರೆ ನುಂಗಿದರೆ ಉಪವಾಸ ಕೆಡುತ್ತಾ? ಜಪ ಮಾಡಿದರೆ ಸಾಕು, ಮಾತ್ರೆ ಬಿಡು ಅಂತಲೂ ಅಂತಾರೆ.

ಉತ್ತರ: ಅಮ್ಮಾ, ಇವತ್ತು ಸಂಜೆಯೇ ದೀಪ ಹಚ್ಚಿ.

ಸೂತಕ ಬೇರೆ, ವರ್ಷದ ನೇಮ ಬೇರೆ. ಎರಡನ್ನೂ ಕಲಸಿಬಿಟ್ಟಿದ್ದರಿಂದ ಈ ತೊಂದರೆ. ನಿಮ್ಮ ಮನೆತನದ ಪದ್ಧತಿಯಂತೆ ಹನ್ನೊಂದನೇ ದಿನದ ತಿಥಿಯೋ ಹದಿಮೂರನೇ ದಿನದ ಶುಭಸ್ವೀಕಾರವೋ ಮುಗಿದಾಗಲೇ ಸೂತಕ ಕಳೆಯಿತು. ಅಲ್ಲಿಂದಾಚೆ ನಿತ್ಯದೀಪ, ನಿತ್ಯಪೂಜೆ, ನಾಮಸ್ಮರಣೆಗೆ ಅಡ್ಡಿ ಇಲ್ಲ. ವರ್ಷಾಂತಿಕದ ತನಕ ಸಾಮಾನ್ಯವಾಗಿ ಬಿಡೋದು ಹಬ್ಬದ ಸಡಗರ, ಮನೆಯ ಶುಭಕಾರ್ಯ ಇಂಥವನ್ನು. ಒಬ್ಬರೇ ಇರುವ ಮನೆಯಲ್ಲಿ ಎಂಟು ತಿಂಗಳು ಕತ್ತಲೆ ಇಟ್ಟುಕೊಂಡು ಕೂರಿ ಅಂತ ಯಾವ ಶಾಸ್ತ್ರವೂ ಹೇಳೋದಿಲ್ಲ. ರಂಗೋಲಿಯ ಮಾತು ಅದೇ. ಬಾಗಿಲು ಸಾರಿಸಿ ಎರಡು ಎಳೆ ಬಿಡೋದು ಮನೆಯ ನಿತ್ಯದ ಮರ್ಯಾದೆ. ಗಂಡ ಹೋದ ಹೆಣ್ಣು ಅದನ್ನು ಮಾಡಬಾರದು ಅನ್ನೋದು ಜನ ಆಡಿಕೊಂಡ ಮಾತು. ಆ ಬಾಗಿಲು ಈಗಲೂ ನಿಮ್ಮದೇ. ನೆಂಟರ ಮಾತಿಗೆ ಮನಸ್ಸು ಹಿಂಜರಿದರೆ ಮೊದಲು ತುಳಸಿ ಮುಂದೆ ಒಂದು ಸಣ್ಣ ಎಳೆ ಬಿಡಿ, ಅಲ್ಲಿಂದ ಹೊಸ್ತಿಲಿಗೆ ಬನ್ನಿ.

ಮಾತ್ರೆಯ ವಿಷಯ. ವ್ರತವನ್ನು ಕೆಡಿಸದ ಎಂಟನ್ನು ಧರ್ಮಶಾಸ್ತ್ರ ಎಣಿಸಿದೆ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಎಂಟನೆಯದು ಔಷಧ. ಏಕಾದಶಿ ದಿನವೂ ಮಾತ್ರೆ ತೆಗೆದುಕೊಳ್ಳಿ. ಊಟದ ಮೇಲೆ ತೆಗೆದುಕೊಳ್ಳಬೇಕಾದ್ದಾದರೆ ಹಾಲು, ಹಣ್ಣು ತೆಗೆದುಕೊಂಡು ನುಂಗಿ. ಸಕ್ಕರೆ ಕಾಯಿಲೆ ಇದ್ದರೆ ಉಪವಾಸವೇ ಬೇಡ. ಜಪವೂ ಮಾತ್ರೆಯೂ ಸವತಿಯರಲ್ಲ, ಒಂದೇ ಮನೆಯಲ್ಲಿ ಇರಬಹುದು. ವಾಸಿ ಅನ್ನಿಸಿದೆ ಅಂತ ಮಾತ್ರೆಯನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದ ನಡುಕ ತಿರುಗಿ ಜಾಸ್ತಿಯಾಗುವುದುಂಟು. ಕಡಿಮೆ ಮಾಡೋದಿದ್ದರೂ ಕೊಟ್ಟ ಡಾಕ್ಟರೇ ಹೇಳಬೇಕು. ಅಶ್ವಗಂಧ ಮುಂತಾದವನ್ನು ಕೂಡ ಅಂಗಡಿಯಿಂದ ತಂದು ಈ ಮಾತ್ರೆಯ ಜೊತೆ ಸೇರಿಸಬೇಡಿ. ಥೈರಾಯ್ಡ್ ಇದ್ದವರಿಗೆ, ಬೇರೆ ಔಷಧಿಯಲ್ಲಿ ಇರುವವರಿಗೆ ಅದು ಹೊಂದದೆ ಇರಬಹುದು.

ಮೂರು ಗಂಟೆಗೆ ಎಚ್ಚರವಾದರೆ ಏನು ಮಾಡಬೇಕು? ಅದು ಏಳುವ ಹೊತ್ತಲ್ಲ. ಗೆಣ್ಣಿನ ಎಣಿಕೆ ಮಾಡಿ ಮಲಗಿಯೇ ಇರಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಬೇರೆ ಜಾಗದಲ್ಲಿ, ಮಂದ ಬೆಳಕಿನಲ್ಲಿ, ಬೆಚ್ಚಗೆ ಹೊದ್ದು ಕೂತು ನಾಮ ಹೇಳಿ. ತೂಕಡಿಕೆ ಬಂದಾಗ ಹೋಗಿ ಮಲಗಿ. ಟಿವಿ, ಮೊಬೈಲು ಹಾಕಬೇಡಿ. ಯಜಮಾನರ ನೆನಪಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸಂಜೆ ದೀಪ ಹಚ್ಚಿದ ಮೇಲೆ ಅವರ ಫೋಟೋಗೆ ಹೂವಿಟ್ಟು ಹತ್ತು ನಿಮಿಷ ಅವರ ಜೊತೆ ಮಾತಾಡಿ, ಅಳು ಬಂದರೆ ಅತ್ತುಬಿಡಿ. ಸಂಜೆಗೆ ಜಾಗ ಸಿಕ್ಕಿದ ದುಃಖ ಮೂರು ಗಂಟೆಗೆ ಬಾಗಿಲು ಬಡಿಯೋದು ನಿಧಾನವಾಗಿ ಕಡಿಮೆಯಾಗುತ್ತೆ. ಬೆಳಗ್ಗೆ ಆರೂವರೆ, ಏಳಕ್ಕೆ ಮಕ್ಕಳಲ್ಲಿ ಒಬ್ಬರು ದಿನಾ ಫೋನ್ ಮಾಡುವ ಹಾಗೆ ಹೇಳಿ. ಹತ್ತಿರದ ಮಾರೇಹಳ್ಳಿ ಲಕ್ಷ್ಮೀನರಸಿಂಹನ ಗುಡಿಗೆ ವಾರಕ್ಕೊಮ್ಮೆ ಪಕ್ಕದ ಮನೆಯವರ ಜೊತೆ ಹೋಗಿ. ಭಯಕ್ಕೆ ನರಸಿಂಹ ಅಂತ ನಮ್ಮ ಹಿರಿಯರ ನಂಬಿಕೆ. ದಾರಿಯಲ್ಲಿ ಆಡುವ ನಾಲ್ಕು ಮಾತೂ ಭಯಕ್ಕೆ ಮದ್ದೇ.

ಮೂವರಿಗೂ ಹೇಳಬೇಕಾದ್ದು

ಎದೆನೋವು ತೋಳಿಗೆ, ದವಡೆಗೆ ಹರಿದರೆ, ತಣ್ಣನೆ ಬೆವರು, ಉಸಿರಾಟದ ಕಷ್ಟ ಇದ್ದರೆ ಜಪಕ್ಕೆ ಕೂರಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಜಾವ ಬೆವರು, ನಡುಕ ಬಂದರೆ ಸಕ್ಕರೆ ಇಳಿದಿರಬಹುದು, ಕೂಡಲೇ ಪರೀಕ್ಷೆ ಮಾಡಿಕೊಳ್ಳಿ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತೆ. ಮಂಡ್ಯದ ತಾಯಿ, ನಿಮ್ಮ ವಯಸ್ಸಿನಲ್ಲಿ ಮುಟ್ಟಿನ ಏರುಪೇರಿನಿಂದಲೂ ನಿದ್ದೆ ಕೆಡುತ್ತೆ. ಮೂರು ತಿಂಗಳಾಗಿರುವುದರಿಂದ ಒಂದು ರಕ್ತಪರೀಕ್ಷೆ ಮಾಡಿಸಲೇಬೇಕು. ಶಾಂತಿಗೆ ಹೇಳಿದ ಹಣದಲ್ಲಿ ಒಂದು ಸಣ್ಣ ಪಾಲೂ ಅದಕ್ಕೆ ಆಗೋದಿಲ್ಲ.

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ಕೆಲಸ ಕೈಗೆ ಹತ್ತುತ್ತಿಲ್ಲ ಅಂದರೆ ಮನೋವೈದ್ಯರನ್ನು ಕಾಣಿ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಬದುಕೋದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಮುಚ್ಚಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಇರುವವರಿಗೂ ಹೇಳಿ. ವೈದ್ಯನನ್ನು ಕಾಣೋದು ದೇವರ ಮೇಲಿನ ನಂಬಿಕೆ ಕಡಿಮೆಯಾದದ್ದಕ್ಕೆ ಗುರುತಲ್ಲ. ಸಮುದ್ರ ಕಡೆದಾಗ ಅಮೃತದ ಕಲಶ ಹಿಡಿದು ಬಂದ ಧನ್ವಂತರಿಯೂ ವೈದ್ಯನೇ.

ಇವತ್ತು ರಾತ್ರಿ ಮಲಗುವ ಮುಂಚೆ ಮೂವರೂ ಒಂದು ಕೆಲಸ ಮಾಡಿ. ನಾಳೆಯ ಚಿಂತೆಗಳನ್ನು ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಯಾವುದಕ್ಕೆ ಯಾವಾಗ ಏನು ಮಾಡುತ್ತೀರಿ ಅಂತ ಒಂದೊಂದು ಸಾಲು ಹಾಕಿ ದೇವರ ಮುಂದೆ ಇಡಿ. ಬೆಳಗ್ಗೆ ದೀಪ ಹಚ್ಚಿ, ಏನಾದರೂ ತಿಂದ ಮೇಲೆ ಆ ಚೀಟಿ ತೆಗೆಯಿರಿ. ಅದಕ್ಕೆ ಮುಂಚೆ ಬೇಡ.

ಎಲ್ಲರಿಗೂ ಶುಭವಾಗಲಿ.